ಹಾಲಸ್ವಾಮಿಯ ಸ್ವಂತ ರೂಟರ್

ರೋಹಿಣಿ ಮಳೆ ಒಂದು ಸಲ ಚೆನ್ನಾಗಿ ಸುರಿದು ನಿಂತಿತ್ತು. ತೆಲಿಗಿಯ ಸುತ್ತಲಿನ ಹೊಲಗಳಲ್ಲಿ ರೆಂಟೆ, ಅಂದರೆ ಕಬ್ಬಿಣದ ನೇಗಿಲು, ಹೊಡೆಯುವ ಕೆಲಸ ಮುಗಿಯುತ್ತ ಬಂದಿತ್ತು. ರೆಂಟೆಯ ಹಿಂದೆ ಮೇಲೆದ್ದ ಮಣ್ಣಿನ ಹೆಂಟೆಗಳು ಹೊಲದ ತುಂಬ ಮಕ್ಕಳ ತಲೆಯಷ್ಟು ದಪ್ಪಗೆ ಬಿದ್ದುಕೊಂಡು ಬಿಸಿಲು ಕಾಯುತ್ತಿದ್ದವು. ಮುಂದಿನ ಮಳೆಯ ಹದ ಬಂದ ಕೂಡಲೇ ಅವನ್ನು ಪುಡಿ ಮಾಡಿ ಮೆಕ್ಕೆಜೋಳ ಬಿತ್ತಬೇಕು. ಪುಡಿ ಮಾಡುವುದಕ್ಕೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಬಾಗಿದ ಹಲ್ಲುಗಳ ಯಂತ್ರವೊಂದು ಆ ಸೀಮೆಗೆ ಬಂದು ಕೆಲವು ವರ್ಷಗಳಾಗಿದ್ದವು. ಕಂಪನಿಯವರು ಅದಕ್ಕೆ ಇಟ್ಟ ರೋಟಾವೇಟರ್ ಎಂಬ ಹೆಸರು ನಾಲಿಗೆ ತೊಡರುವಷ್ಟು ಉದ್ದ. ಊರವರು ಅದನ್ನು ಕತ್ತರಿಸಿ, ಬಾಯಿಗೆ ಹಿಡಿಸುವಷ್ಟು ಉಳಿಸಿಕೊಂಡು, ರೂಟರ್ ಎಂದು ಕರೆದರು. ತೆಲಿಗಿಯಲ್ಲಿ ಟ್ರ್ಯಾಕ್ಟರುಗಳು ಹಲವಿದ್ದವು, ರೂಟರ್ ಒಂದೇ. ಅದು ಶಿವಯೋಗಪ್ಪನದು. ಹೀಗಾಗಿ ರೋಹಿಣಿ ಹುಟ್ಟಿದ ದಿನದಿಂದ ಮಿರಗ, ಅಂದರೆ ಮೃಗಶಿರಾ ಮಳೆ, ಮುಗಿಯುವ ತನಕ ಶಿವಯೋಗಪ್ಪನಿಗೆ ಎದುರು ಸಿಕ್ಕವರೆಲ್ಲ ಕೈಮುಗಿಯುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅವನೇ ಮೊದಲು ಮುಗಿಯಬೇಕಾಗುತ್ತಿತ್ತು.

ಈ ಹೆಂಟೆ, ಹದ, ಹಲ್ಲುಗಳಿಗೂ ಹಾಲಸ್ವಾಮಿಗೂ ನೇರ ಸಂಬಂಧವಿರಲಿಲ್ಲ. ಹಾಲಸ್ವಾಮಿಗೆ ಹೊಲವಿರಲಿಲ್ಲ. ಹರಪನಹಳ್ಳಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತನಾಗಿ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು ಅವನ ಕೆಲಸ. ಹರಪನಹಳ್ಳಿಯಲ್ಲಿ ಬಹಳ ವರ್ಷ ಬಾಡಿಗೆ ಮನೆಗಳಲ್ಲಿದ್ದು, ಮನೆಯೊಡತಿಯರು ಮೊಳೆ ಹೊಡೆಯಬೇಡಿ, ನೀರು ಚೆಲ್ಲಬೇಡಿ, ನೆಂಟರನ್ನು ಕರೆಯಬೇಡಿ ಎಂದದ್ದನ್ನೆಲ್ಲ ತಲೆಬಾಗಿಸಿ ಕೇಳಿ, ಕೊನೆಗೆ ಹುಟ್ಟೂರು ತೆಲಿಗಿಗೆ ಬಂದು ಎರಡು ಕೋಣೆಯ ಒಂದು ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನವೇ ಗೋಡೆಗೆ ಹದಿನಾರು ಮೊಳೆ ಹೊಡೆದ. ಅಂದಿನಿಂದ ಬಾಡಿಗೆ ಎಂಬ ಮಾತು ಕೇಳಿದರೆ ಅವನ ಮೈ ಉರಿಯುತ್ತಿತ್ತು. ಮಗಳ ತೊಟ್ಟಿಲು ಶಾಸ್ತ್ರಕ್ಕೆ ಬಾಡಿಗೆ ಪಾತ್ರೆ ತರುವುದು ಬೇಡವೆಂದು ಕೊಂಡುಕೊಂಡ ಹಂಡೆ ಬಾಗಿಲಲ್ಲಿ ಹಿಡಿಸದೆ ಹಿತ್ತಲಲ್ಲೇ ಉಳಿದಿತ್ತು. ಈಗ ಅದರಲ್ಲಿ ಬೆಕ್ಕು ಮರಿ ಹಾಕುತ್ತದೆ. ಆ ಬೆಕ್ಕಾದರೂ ಬಾಡಿಗೆ ಇಲ್ಲದೆ ಇದೆಯಲ್ಲ ಎಂದು ಹೆಂಡತಿ ಗಂಗಾಂಬಿಕಾ ಆಗಾಗ ಹೇಳುವುದಿತ್ತು.

ಟೆಲಿಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಹರಿದು ಹಳ್ಳಿಗೆ ಬರುತ್ತದೆ ಎಂಬ ಸುದ್ದಿ ಬಂದ ವರ್ಷ ಅದು. ಅಂಗಡಿಯ ಸಾಹುಕಾರರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಹಾಲಸ್ವಾಮಿಗೆ ಕೊಟ್ಟಿದ್ದರು. ಮನೆಯಲ್ಲೇ ಕೂತು ದಾವಣಗೆರೆಯ ಮೆಕ್ಕೆಜೋಳದ ಧಾರಣೆ ನೋಡಬೇಕೆಂದು ಅವನು ಟೆಲಿಫೋನ್ ಆಫೀಸಿಗೆ ಅರ್ಜಿ ಹಾಕಲು ಹೋದ. ಅಲ್ಲಿ ಕೂತಿದ್ದವರು ತಾಳ್ಮೆಯಿಂದ ಹೇಳಿದರು: "ಡಬ್ಬಿ ಎರಡು ನಮೂನಿ ಸಿಗ್ತೈತ್ರಿ. ರೆಂಟಿಗೆ ತಗಂಡ್ರ ತಿಂಗಳ ಬಿಲ್ಲಿನಾಗ ಬರ್ತೈತಿ, ಕೆಟ್ರ ನಾವು ಬದಲಿ ಕೊಡ್ತೀವಿ. ಸ್ವಂತ ತಗಂಡ್ರ ರೆಂಟ್ ಇಲ್ಲ, ಕೆಟ್ರ ನಿಮ್ಮ ಹಣೆಬರಹ."

"ಹಣೆಬರಹನೂ ಸ್ವಂತದ್ದೇ ಇರ್ಲಿ, ಬರ್ಕಳ್ರಿ," ಎಂದ ಹಾಲಸ್ವಾಮಿ.

ಮೋಡೆಮ್ಮು, ರೂಟರ್ರು ಎರಡೂ ಒಂದರಲ್ಲೇ ಇರುವ ಡಬ್ಬಿ ಒಳ್ಳೆಯದೆಂದು ದಾವಣಗೆರೆಯ ಅಂಗಡಿಯವನು ಫೋನಿನಲ್ಲಿ ತಿಳಿಸಿದ. ಆಂಟೆನಾದ ಒಂದು ಕೋಡಿನದು, ಎರಡು ಕೋಡಿನದು ಎಂದು ಅದರಲ್ಲೂ ಎರಡು ಬಗೆ. ಹಾಲಸ್ವಾಮಿ ವಾರವೆಲ್ಲ ಯೋಚಿಸಿ ಎರಡು ಕೋಡಿನದನ್ನು ಆರಿಸಿದ. ಹೆಣ್ಣು ನೋಡಲು ಹೋದಾಗಲೂ ಇವರು ಇಷ್ಟು ಯೋಚಿಸಿರಲಿಲ್ಲ ಎಂಬುದು ಗಂಗಾಂಬಿಕಾಳ ಹೇಳಿಕೆ.

ಡಬ್ಬಿಗೆ ಹಣ ಕಳಿಸಿದ ದಿನ ಸಂಜೆಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಮಾರಣ್ಣ. ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಓಣಿಯವರ ಹೊಲಗಳಿಗೆಲ್ಲ ರೆಂಟೆ ಹೊಡೆದುಕೊಡುವ ಮನುಷ್ಯ. ಬಸ್ಸಿನ ಹಲಗೆಗಳೆಲ್ಲ ಗಡಗಡ ಅನ್ನುತ್ತಿದ್ದವು. ಹಾಲಸ್ವಾಮಿಗೆ ಯಾರಿಗಾದರೂ ಹೇಳದೆ ಇರಲಾಗಲಿಲ್ಲ.

"ಮಾರಣ್ಣ, ರೆಂಟ್ ಬ್ಯಾಡ ಅಂತ ಬಿಟ್ಟೆ ನೋಡು. ರೂಟರ್ ತಗಂಡೆ. ಸ್ವಂತ!"

ಮಾರಣ್ಣನ ಕಿವಿಗೆ ಬಿದ್ದದ್ದು ರೆಂಟಿ ಬೇಡ, ರೂಟರ್ ತಗಂಡೆ ಎಂದು. ಅವನು ವಾರವೆಲ್ಲ ರೆಂಟೆ ಹೊಡೆದು, ಅದರದೇ ಸಾಮಾನು ತರಲು ಪೇಟೆಗೆ ಹೋಗಿದ್ದವನು. ಬೇರೆ ಏನು ಕೇಳಿಸೀತು? ಹೊಲವಿಲ್ಲದವನಿಗೆ ಅದೇಕೆ ಎಂದರೆ, ಓಣಿಯವರ ಟ್ರ್ಯಾಕ್ಟರಿಗೆ ಕೊಡಲು ಎಂದುಕೊಂಡ.

"ರೆಂಟಿಗೂ ರೂಟರ್‌ಗೂ ಎಲ್ಲಿಂದೆಲ್ಲಿ, ಹಾಲಸ್ವಾಮಣ್ಣ," ಎಂದ ಭಕ್ತಿಯಿಂದ. "ಹೊಸಾದಾ?"

"ಹೊಸಾದು. ದಾವಣಗೆರಿಂದ ಬರ್ತೈತಿ. ತಿಂಗಳ ತಿಂಗಳ ಬಾಡಿಗಿ ಕೊಡಾಕ ನಾನೇನು ಹುಚ್ಚನಾ? ಒಂದು ಸಲ ರೊಕ್ಕ ಒಗದ್ರ ಆತು."

"ಖರೇವು. ಶಿವಯೋಗಪ್ಪನ ಕೈ ಕಾಲು ಹಿಡಿಯೋದು ತಪ್ತು."

ಇಂಟರ್ನೆಟ್ಟಿಗೂ ಶಿವಯೋಗಪ್ಪನಿಗೂ ಏನು ಸಂಬಂಧವೆಂದು ಹಾಲಸ್ವಾಮಿ ಒಂದು ಗಳಿಗೆ ಯೋಚಿಸಿ, ಇರಬಹುದು ಎಂದು ಬಿಟ್ಟ. ಊರಿನ ಆ ಇನ್ನೊಂದು ರೂಟರ್ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ತನ್ನದು ಗೊತ್ತಾದ ಮೇಲೆ ಅದು ಅವನ ತಲೆಯಿಂದ ಹೋಗಿಯೇ ಬಿಟ್ಟಿತ್ತು, ಹೊಸ ಮದುಮಗನಿಗೆ ಅದೇ ಚಪ್ಪರದ ಕೆಳಗೆ ಇನ್ನೊಂದು ಜೋಡಿ ಕೂತಿರುವುದು ಕಾಣದ ಹಾಗೆ.

"ನಮಗೂ ಒಂದೀಟು ಕೊಡ್ತೀರಾ?" ಎಂದ ಮಾರಣ್ಣ.

"ಓಣಿಯವರಿಗೆ ಇಲ್ಲ ಅಂತೀನಾ? ಎರಡು ಕೋಡಿಂದು ತಗಂಡೀನಿ. ನಮ್ಮ ಗ್ವಾಡಿ ದಾಟಿ ನಿಮ್ಮನಿ ತನಕ ಹೊಡಿತೈತಿ."

ಎರಡು ಕೋಡು ಎಂದರೇನೆಂದು ಮಾರಣ್ಣನಿಗೆ ಹೊಳೆಯಲಿಲ್ಲ. ಹೊಸ ಮಾದರಿ ಇರಬೇಕು ಎಂದುಕೊಂಡ. ಗೋಡೆ ದಾಟಿ ಹೊಡೆಯುತ್ತದೆ ಎಂದರೆ ಬಲು ಜೋರಿನದೇ ಇರಬೇಕು.

ಮರುದಿನದಿಂದ ಹಾಲಸ್ವಾಮಿಗೆ ಊರು ಬೇರೆಯಾಗಿ ಕಂಡಿತು. ಬಸ್ಸಿನಲ್ಲಿ ಕಿಟಕಿಯ ಸೀಟು ತಾನಾಗಿ ಖಾಲಿಯಾಯಿತು. ಹೋಟೆಲಿನವನು ಹೇಳದೆ ಕೇಳದೆ ಮಂಡಕ್ಕಿಯ ಮೇಲೆ ಒಂದು ಮಿರ್ಚಿ ಹೆಚ್ಚಿಗೆ ಇಟ್ಟ. ಟ್ರ್ಯಾಕ್ಟರ್ ಇದ್ದವರೆಲ್ಲ ದಾರಿಯಲ್ಲಿ ನಿಲ್ಲಿಸಿ, "ಬಂತೇನ್ರಿ?" ಎಂದು ಕೇಳತೊಡಗಿದರು. ತೆಲಿಗಿಯ ಜನಕ್ಕೆ ಇಂಟರ್ನೆಟ್ಟಿನ ಮೇಲೆ ಇಷ್ಟು ಅಕ್ಕರೆ ಇದೆಯೆಂದು ಹಾಲಸ್ವಾಮಿ ಎಣಿಸಿರಲಿಲ್ಲ. ದೇಶ ಮುಂದುವರಿಯುತ್ತಿದೆ ಎಂದು ಪೇಪರಿನಲ್ಲಿ ಬರೆಯುವುದು ಸುಳ್ಳಲ್ಲ ಎಂದು ಸಾಹುಕಾರರ ಮುಂದೆ ಹೇಳಿದ.

ಅದೇ ವಾರ ಕೃಷಿ ಸಹಾಯಕ ಪ್ರವೀಣಕುಮಾರ್ ಅಂಗಡಿಗೇ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದ ಹುರುಪಿನ ಯುವಕ.

"ಸಾರ್, ಸಬ್ಸಿಡಿ ಕೇಳದೆ ಸ್ವಂತ ದುಡ್ಡಲ್ಲಿ ರೂಟರ್ ತಗೊಂಡವರು ನಮ್ಮ ಹೋಬಳಿಯಲ್ಲೇ ನೀವು ಮೊದಲನೆಯವರು. ನಾನು ಒಂದ್ಸಲ ಬಂದು ನೋಡ್ಬೇಕು."

"ಬರ್ರಿ, ಬರ್ರಿ. ಬಂದ ಮ್ಯಾಲೆ ಹೇಳಿ ಕಳಿಸ್ತೀನಿ."

"ಎಲ್ಲಿ ನಿಲ್ಲಿಸ್ತೀರಿ ಸಾರ್? ಮಳೆಗೆ ಬಿಡಬೇಡಿ, ತುಕ್ಕು ಹಿಡಿಯುತ್ತೆ."

"ಮಳಿಗೆ ಬಿಡ್ತಾರೇನ್ರಿ? ಪಡಸಾಲ್ಯಾಗ ಇಡ್ತೀನಿ. ಕಂಪ್ಯೂಟರಿನ ಬಾಜೂಕ."

ಪ್ರವೀಣಕುಮಾರನ ಹುಬ್ಬು ಮೇಲೇರಿತು. "ಪಡಸಾಲೆಯಲ್ಲಾ? ಬಾಗಿಲಲ್ಲಿ ಹಿಡಿಸುತ್ತಾ ಸಾರ್?"

"ಹಿಡಿಸದೆ ಏನ್ರಿ? ಸ್ವಂತ ಮನಿ ಐತಿ ನಮ್ದು!"

ಈ ಮಾತು ಸಂಜೆಯ ಬಸ್ಸಿಗಿಂತ ಮುಂಚೆ ತೆಲಿಗಿ ಮುಟ್ಟಿತು. ಹಾಲಸ್ವಾಮಿ ರೂಟರ್ ಒಳಗೆ ತರಲು ಮುಂಗೋಡೆ ಒಡೆಸುತ್ತಾನೆಂದು ಸುದ್ದಿಯಾಯಿತು. ಒಡೆದ ಗೋಡೆ ನೋಡಲು ಬಂದ ನಾಲ್ಕು ಹೆಂಗಸರಿಗೆ ಗಂಗಾಂಬಿಕಾ ಚಹಾ ಕೊಟ್ಟು, ಯಾವ ಗೋಡೆ ಎಂದು ತಿಳಿಯದೆ ಎಲ್ಲ ಗೋಡೆಗಳನ್ನೂ ತೋರಿಸಿ ಕಳಿಸಿದಳು. ಹೊರಗೆ ಹೋದವರು ಇನ್ನೂ ಒಡೆದಿಲ್ಲ, ಆದರೆ ಮೊಳೆ ಬಹಳ ಹೊಡೆದಿದ್ದಾರೆ ಎಂದು ವರದಿ ಮಾಡಿದರು.

ಭಾನುವಾರ ಅಕ್ಕ ಪಂಪಮ್ಮ ಬಂದಳು. ಊರ ಆಚೆ ತುದಿಯಲ್ಲಿ ಅವಳ ಮನೆ, ಅದರ ಹಿಂದೆಯೇ ನಾಲ್ಕೆಕರೆ ಹೊಲ. ಗಂಡ ಲಾರಿಯ ಮೇಲೆ ತಿಂಗಳುಗಟ್ಟಲೆ ತಿರುಗುವವನು. ಹೊಲ ಪೂರ್ತಿ ಅವಳ ಕೈಯಲ್ಲೇ. ಮಗಳು ಗೀತಾಂಜಲಿ ಕಾಲೇಜಿಗೆ ಅರ್ಜಿ ಹಾಕಿದ್ದಳು. ಇಂಟರ್ನೆಟ್ಟಿನಲ್ಲಿ ಏನೋ ನೋಡಬೇಕಂತೆ ಎಂದು ಹೆಂಡತಿ ಹೇಳಿದ್ದು ಹಾಲಸ್ವಾಮಿಗೆ ನೆನಪಿತ್ತು. ಹಾಗಾಗಿ ಅಕ್ಕ ಹೊಸ್ತಿಲ ಮೇಲೆ ಕಾಲಿಟ್ಟು, "ತಮ್ಮಾ, ರೂಟರ್ ತರಾಕತ್ತಿಯಂತ. ನನಗೂ ಒಂದು ದಿನ ಬೇಕಪ್ಪ," ಎಂದಾಗ ಅವನಿಗೆ ಆಶ್ಚರ್ಯವಾಗಲಿಲ್ಲ.

"ಕೇಳ್ತಾರೇನಕ್ಕ? ನಿಂದೇ ಅನ್ಕ."

"ನಾಕು ತಾಸು ಸಾಕು."

"ನಾಕು ತಾಸ್ಯಾಕ, ಇಡೀ ದಿನ ಇಟ್ಕ. ನಂದು ಅನ್‌ಲಿಮಿಟೆಡ್ಡು."

ಪಂಪಮ್ಮನ ಕಣ್ಣು ತುಂಬಿಬಂದವು. ಒಡಹುಟ್ಟಿದವನೆಂದರೆ ಹೀಗಿರಬೇಕು. "ಮಳಿ ಬಿದ್ದ ಮರುದಿನ ಬೇಕು ನೋಡು."

"ಮಳಿ ನಿಂತಿರ್ಬೇಕಕ್ಕ. ಗುಡುಗು ಸಿಡ್ಲು ಇದ್ದಾಗ ಬಂದ್ ಇಡ್ಬೇಕಂತ."

"ಗುಡುಗೋದ್ರಾಗ ಯಾರು ಹೊಡಿತಾರ ಬಿಡು. ಮಾರಣ್ಣ ಬರ್ತೀನಂದಾನ. ಅವನೇ ಕೂಡ್ತಾನ."

"ಗೀತಾಂಜಲಿನೂ ಕೂಡ್ಲಿ, ಕಲೀಲಿ."

"ಹೆಣ್ಣ ಹುಡುಗಿ ಅದ್ರ ಮ್ಯಾಲೆ ಕೂಡ್ತಾಳೇನೋ, ಹುಚ್ಚಪ್ಪ!" ಪಂಪಮ್ಮ ನಕ್ಕಳು. "ಎಣ್ಣಿ ಮಾತ್ರ ನಾನೇ ಹಾಕಸ್ತೀನಿ. ಅದರಾಗ ಸಂಕೋಚ ಬ್ಯಾಡ."

ಅವಳು ಹೇಳಿದ್ದು ಡೀಸೆಲ್ಲಿನ ಎಣ್ಣೆ. ಹೊಸ ವಸ್ತು ಮನೆಗೆ ಬಂದಾಗ ದೀಪಕ್ಕೆ ಎಣ್ಣೆ ಹಾಕುವ ಮಾತೆಂದು ಹಾಲಸ್ವಾಮಿ ತಿಳಿದ. "ಪೂಜಿಗೆ ಎಣ್ಣಿ ನಮ್ಮನ್ಯಾಗೂ ಐತಿ ಬಿಡಕ್ಕ," ಎಂದ. ಪೂಜೆಯನ್ನೂ ಮಾಡಿಸಿಯೇ ಕೊಡುತ್ತಾನೆಂದು ಅವಳಿಗೆ ಇನ್ನೂ ಸಂತೋಷವಾಯಿತು.

ಅಲ್ಲಿಂದ ಅವಳು ನೇರವಾಗಿ ಮನೆಗೆ ಹೋಗಲಿಲ್ಲ. ದಾರಿ ಸುತ್ತು ಹಾಕಿ ಶಿವಯೋಗಪ್ಪನ ಅಂಗಳಕ್ಕೆ ಹೋದಳು. ಕಳೆದ ವರ್ಷ ರೂಟರಿನ ಪಾಳಿ ತಪ್ಪಿಸಿ ಅವನು ಎಂಟು ದಿನ ತಿರುಗಾಡಿಸಿದ್ದನ್ನು ಅವಳು ಮರೆತಿರಲಿಲ್ಲ. ಹತ್ತು ಜನರ ಮುಂದೆ ನಿಂತು ಹೇಳಿದಳು: "ಶಿವಯೋಗಪ್ಪ, ಈ ಸಲದ ನನ್ನ ಪಾಳಿ ಯಾರಿಗರ ಕೊಡಪ್ಪ. ನಿನ್ನ ರೂಟರ್ ನಿನಗ ಇರ್ಲಿ. ನನ್ನ ತಮ್ಮ ಸ್ವಂತದ್ದು ತಂದಾನ." ಆ ಹತ್ತರಲ್ಲಿ ಆರು ಜನ ಅವಳ ಹಿಂದೆಯೇ ತಮ್ಮ ಪಾಳಿಯನ್ನೂ ಬಿಟ್ಟುಕೊಟ್ಟರು. ಶಿವಯೋಗಪ್ಪ ಅವತ್ತು ಎದುರು ಬಂದವರಿಗೆ ತಾನೇ ಮೊದಲು ಕೈಮುಗಿದ.

ಡಬ್ಬಿ ಬಂತು. ಹಾಲಸ್ವಾಮಿ ಅದಕ್ಕೆ ವಿಭೂತಿ ಹಚ್ಚಿ, ಎರಡು ಕೋಡಿಗೂ ಕುಂಕುಮ ಇಟ್ಟು, ಗೋಡೆಯ ಗೂಡಿನಲ್ಲಿ ಕೂರಿಸಿದ. ಅದೇ ರಾತ್ರಿ ಮಳೆ ಸುರಿಯಿತು. ಒಂದು ದಿನ ಬಿಟ್ಟು ಬೆಳಗ್ಗೆ ಹೆಂಟೆ ಕೈಯಲ್ಲಿ ಹಿಡಿದರೆ ಹಿಟ್ಟಾಗುವಂಥ ಹದ. ಹಾಲಸ್ವಾಮಿ ಹಲ್ಲುಜ್ಜುತ್ತಿದ್ದಾಗ ಮನೆಯ ಮುಂದೆ ಟ್ರ್ಯಾಕ್ಟರಿನ ಸದ್ದಾಯಿತು. ಮಾರಣ್ಣ ಕುತ್ತಿಗೆ ತಿರುವಿ ಹಿಂದೆ ನೋಡುತ್ತ, ಟ್ರ್ಯಾಕ್ಟರಿನ ಹಿಂಭಾಗವನ್ನು ಪಡಸಾಲೆಯ ಬಾಗಿಲಿಗೆ ಸರಿಯಾಗಿ ತರುತ್ತಿದ್ದ. ಪಂಪಮ್ಮ ಕಟ್ಟೆಯ ಮೇಲೆ ನಿಂತು, "ಬಾ, ಬಾ, ಇನ್ನೀಟು ಬಾ," ಎಂದು ಕೈಬೀಸುತ್ತಿದ್ದಳು. ಹಿಂದೆ ಅರ್ಧ ಓಣಿ ನೆರೆದಿತ್ತು. ಪ್ರವೀಣಕುಮಾರ್ ಕ್ಯಾಮರಾ ಕುತ್ತಿಗೆಗೆ ಹಾಕಿಕೊಂಡು ಬಂದಿದ್ದ.

"ಏನಕ್ಕ ಇದು?"

"ರೂಟರ್ ಒಯ್ಯಾಕ ಬಂದೀವಿ. ಹೊರಗ ತಗಿ."

"ಅದನ್ನ ಒಯ್ಯಾಕ ಬರಂಗಿಲ್ಲ, ಇಲ್ಲೇ ಕುಂತು ನೋಡ್ಬೇಕು."

"ಇಲ್ಲಿ ಕುಂತು ನೋಡಿದ್ರ ಅಲ್ಲಿ ಹೊಲದಾಗ ಹೆಂಟಿ ಒಡಿತಾವೇನೋ?"

ಹಾಲಸ್ವಾಮಿಯ ಬಾಯಿಯ ನೊರೆ ಗದ್ದಕ್ಕೆ ಇಳಿಯಿತು. ಅಷ್ಟರಲ್ಲಿ ಒಳಗಿದ್ದ ಗಂಗಾಂಬಿಕಾ, ಇವರೆಲ್ಲ ಕೇಳುತ್ತಿರುವುದು ಏನೇ ಇರಲಿ ತೋರಿಸಿ ಕಳಿಸಿದರೆ ಆಯಿತೆಂದು, ಡಬ್ಬಿಯನ್ನು ವೈರು ಸಮೇತ ಕಿತ್ತು ತಂದು ಕಟ್ಟೆಯ ಮೇಲೆ ಇಟ್ಟಳು.

ಓಣಿಯೆಲ್ಲ ಕಟ್ಟೆಯ ಕಡೆ ಬಾಗಿತು. ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಮಾರಣ್ಣ ಇಳಿದು ಬಂದು ಬಗ್ಗಿ ನೋಡಿದ. ಬೆರಳಿನಿಂದ ಒಂದು ಕೋಡು ಮುಟ್ಟಿದ; ಅದು ಮೆಲ್ಲಗೆ ಅಡ್ಡ ಬಿತ್ತು.

"ಹಾಲಸ್ವಾಮಣ್ಣ, ಇದಕ್ಕ ಹಲ್ಲು ಎಲ್ಲಿ?"

"ಹಲ್ಲ್ಯಾಕ?" ಎಂದ ಹಾಲಸ್ವಾಮಿ. ಎನ್ನುತ್ತಿರುವಾಗಲೇ ಹೋಟೆಲಿನ ಮಿರ್ಚಿ, ಬಸ್ಸಿನ ಕಿಟಕಿ, ಅಕ್ಕನ ಎಣ್ಣೆ ಎಲ್ಲವೂ ಒಂದರ ಹಿಂದೊಂದು ಅವನ ತಲೆಯೊಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

ಪ್ರವೀಣಕುಮಾರ್ ಕ್ಯಾಮರಾದ ಮುಚ್ಚಳ ಹಾಕಿದ. ಹುಡುಗರು ಹೋ ಎಂದು ನಕ್ಕರು. ಪಂಪಮ್ಮ ನಗಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಟ್ಟೆಯ ಮೇಲೆ ಕೂತು, ಮಣ್ಣಾದ ಕೈ ನೋಡಿಕೊಳ್ಳುತ್ತ ಹೇಳಿದಳು: "ಬೀಜ ತಂದಿಟ್ಟೀನಿ. ಗೊಬ್ಬರ ತಂದಿಟ್ಟೀನಿ. ಪಾಳಿ ಬಿಟ್ಟು ಕೊಟ್ಟೀನಿ, ಅದೂ ಅವನ ಮಾರಿ ಮ್ಯಾಲೆ ಅಂದು ಬಂದೀನಿ. ಈ ಹದ ಇವತ್ತು ನಾಳಿ. ಆಮ್ಯಾಲೆ ಆ ಹೆಂಟಿ ಕಲ್ಲು. ಏನ್ ಮಾಡ್ಲೋ ತಮ್ಮಾ? ಈ ಡಬ್ಬಿ ಹಗ್ಗ ಕಟ್ಟಿ ಎಳೀಲೇನು?"

ಹಾಲಸ್ವಾಮಿ ಬಾಯಿ ತೊಳೆದ. ಅಂಗಿ ಹಾಕಿಕೊಂಡ. ಡಬ್ಬಿಯನ್ನು ಕೈಚೀಲಕ್ಕೆ ಇಳಿಸಿದ. ಬಾಯಿಮಾತಿನಲ್ಲಿ ಹೇಳಿದರೆ ಈಗ ತನ್ನನ್ನು ಯಾರೂ ನಂಬುವುದಿಲ್ಲ ಎಂಬಷ್ಟು ತಿಳಿವಳಿಕೆ ಅವನಿಗೆ ಬಂದಿತ್ತು. ಶಿವಯೋಗಪ್ಪನ ಮನೆಗೆ ಹೋಗುವ ದಾರಿ ಅವತ್ತು ಹಡಗಲಿಯಷ್ಟು ದೂರವಾಯಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡ: ತಪ್ಪು ನನ್ನದು, ಅಕ್ಕನದಲ್ಲ, ಬೇಕಾದರೆ ಕಾಲು ಹಿಡಿಯುತ್ತೇನೆ.

ಹೇಳುವ ಪ್ರಮೇಯ ಬರಲಿಲ್ಲ. ಅಂಗಳದಲ್ಲಿ ಅಪರಿಚಿತ ಟ್ರ್ಯಾಕ್ಟರೊಂದು ನಿಂತಿತ್ತು. ದಪ್ಪ ಮೀಸೆಯ ಒಬ್ಬಾತ ಶಿವಯೋಗಪ್ಪನ ರೂಟರನ್ನು ಅದರ ಹಿಂದೆ ಕಟ್ಟುತ್ತಿದ್ದ. ಶಿವಯೋಗಪ್ಪ ಪಕ್ಕದಲ್ಲಿ ನಿಂತು, ಮದುವೆಯಾದ ಮಗಳನ್ನು ಕಳಿಸುವ ತಂದೆಯಂತೆ, ಏನೂ ಮಾಡಲಾಗದೆ ರೂಟರಿನ ಬೆನ್ನು ಸವರುತ್ತಿದ್ದ.

"ಓಬಳೇಶಪ್ಪ, ಕೇಳ್ರಿ, ಇನ್ನೆಂಟು ದಿನ..." ಎಂದು ಶಿವಯೋಗಪ್ಪ ಮೀಸೆಯವನನ್ನು ಬೇಡಿಕೊಳ್ಳುತ್ತಿದ್ದ.

"ಎಂಟು ದಿನ ನಿನ್ನ ಅಂಗಳದಾಗ ಕೋಳಿ ಕುಂಡ್ರಸ್ತೀಯಾ ಇದರ ಮ್ಯಾಲೆ? ನಿಮ್ಮೂರಾಗ ಗುಮಾಸ್ತ ಯಾವನೋ ಹೊಸ ರೂಟರ್ ತಂದಾನಂತ, ಜನ ಎಲ್ಲಾ ಅತ್ಲಾಗ ಹೊಂಟಾರಂತ, ಕೊಟ್ಟೂರ ತನಕ ಸುದ್ದಿ ಬಂದೈತಿ. ನನಗ ಹಗರಿಬೊಮ್ಮನಹಳ್ಳಿ ಕಡಿಂದ ದಿನಾ ಫೋನು. ಅಲ್ಲಿಗೆ ಬಾಡಿಗಿಗೆ ಕೊಡ್ತೀನಿ."

ಬಾಡಿಗೆ! ಹಾಲಸ್ವಾಮಿ ನಿಂತಲ್ಲೇ ನಿಂತ. ವರ್ಷಗಳಿಂದ ತೆಲಿಗಿ ಕೈಮುಗಿಯುತ್ತಿದ್ದ ರೂಟರ್ ಕೊಟ್ಟೂರಿನ ಓಬಳೇಶಪ್ಪನದು. ಶಿವಯೋಗಪ್ಪ ಅದನ್ನು ಪ್ರತಿ ಮುಂಗಾರಿಗೆ ಬಾಡಿಗೆ ತಂದು, ಹಿಂದೆ ತನ್ನ ಹೆಸರು ಸುಣ್ಣದಲ್ಲಿ ಬರೆಸಿಕೊಂಡು, ದುಡಿಸಿ, ಹೆಸರು ಒರೆಸಿ ಹಿಂದಕ್ಕೆ ಕಳಿಸುತ್ತಿದ್ದ. ಈಗ ಇದು ಹೋದರೆ ತೆಲಿಗಿಯಲ್ಲಿ ಉಳಿಯುವ ರೂಟರ್ ಒಂದೇ. ಅದು ತನ್ನ ಕೈಚೀಲದಲ್ಲಿದೆ.

ತಿರುಗಿದ ಶಿವಯೋಗಪ್ಪ ಅವನನ್ನು ಕಂಡ. ಇಬ್ಬರ ಮುಖದಲ್ಲಿ ಯಾರದು ಹೆಚ್ಚು ಬಿಳುಚಿತ್ತೆಂದು ಹೇಳುವುದು ಕಷ್ಟ.

"ಸ್ವಾಮಿ, ಆ ಗುಮಾಸ್ತ ನಾನೇ," ಎಂದ ಹಾಲಸ್ವಾಮಿ ಮೀಸೆಯವನ ಕಡೆ ನಡೆದು. ಚೀಲದಿಂದ ಡಬ್ಬಿ ತೆಗೆದು ರೂಟರಿನ ಮೇಲೆ ಇಟ್ಟ. "ಇದು ನನ್ನ ರೂಟರ್ರು."

ಓಬಳೇಶಪ್ಪ ದೊಡ್ಡದನ್ನು ನೋಡಿದ. ಸಣ್ಣದನ್ನು ನೋಡಿದ. ಕುಂಕುಮ ಹಚ್ಚಿದ ಕೋಡು ನೋಡಿದ.

"ಇದು ಏನ್ ಹೊಡಿತೈತಿ?"

"ಏನೂ ಹೊಡಿಯಂಗಿಲ್ರಿ. ಲೈಟ್ ಹತ್ತತಾವ."

"ಇದನ್ನ ನಂಬಿ ಊರೆಲ್ಲ ಪಾಳಿ ಬಿಟ್ಟೈತಾ?"

"ನಮ್ಮಕ್ಕ ಮೊದ್ಲು ಬಿಟ್ಟಾಳ್ರಿ."

ಓಬಳೇಶಪ್ಪನ ಮೀಸೆ ಒಮ್ಮೆ ಅದುರಿತು. ಆಮೇಲೆ ಹೊಟ್ಟೆ. ಆಮೇಲೆ ಅವನು ರೂಟರಿನ ಮೇಲೇ ಕೂತು, ಕಣ್ಣೀರು ಒರೆಸಿಕೊಂಡು, ಉಸಿರು ತಂದುಕೊಂಡು, ಮತ್ತೆ ಡಬ್ಬಿ ನೋಡಿ ಮತ್ತೆ ನಕ್ಕ. ನಗು ಮುಗಿದ ಮೇಲೆ ಎದ್ದು ಕಟ್ಟಿದ್ದನ್ನು ತಾನೇ ಬಿಚ್ಚಿದ. "ಇಟ್ಕೋ ಶಿವಯೋಗಪ್ಪ, ಮಿರಗ ಮುಗಿಯ ತನಕ ಇಟ್ಕೋ. ಕೊಟ್ಟೂರಿಗೆ ಹೋಗಿ ನಮ್ಮಾಕಿಗೆ ಹೇಳ್ಬೇಕು ಇದನ್ನ," ಎಂದು ಖಾಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದ.

ಅಂಗಳದಲ್ಲಿ ಇಬ್ಬರೇ ಉಳಿದರು. ಹಾಲಸ್ವಾಮಿ ಡಬ್ಬಿಯನ್ನು ಮತ್ತೆ ಚೀಲಕ್ಕೆ ಇಳಿಸಿದ.

"ಪಂಪಕ್ಕನ ಹೊಲ ಈಗ್ಲೇ ಹೊಡಿತೀನಿ," ಎಂದ ಶಿವಯೋಗಪ್ಪ, ನೆಲ ನೋಡುತ್ತ.

"ಬಾಡಿಗಿ ನಾನು ಕೊಡ್ತೀನ್ರಿ. ಅಕ್ಕನ ಹತ್ರ ಇಸಗಬ್ಯಾಡ್ರಿ."

"ರೊಕ್ಕ ಬ್ಯಾಡ, ಗುಮಾಸ್ತರ. ನೀವು ನನಗ ಬ್ಯಾರೆ ಕೊಡೋದೈತಿ." ಶಿವಯೋಗಪ್ಪ ಮೆಲ್ಲಗೆ ತನ್ನ ಅಂಗೈಯನ್ನು ತನ್ನ ಬಾಯಿಯ ಮೇಲೆ ಇಟ್ಟುಕೊಂಡು ತೋರಿಸಿದ. "ಇದು. ಇವತ್ತು ಒಂದಿನ ಅಲ್ಲ. ಎಂದೆಂದಿಗೂ."

ಹಾಲಸ್ವಾಮಿ ಯೋಚಿಸಿದ. ಸುಲಭದ ಸಾಲವೆಂದು ಮೊದಲು ಅನ್ನಿಸಿತು. ಆಮೇಲೆ ಬಸ್ಸು ನೆನಪಾಯಿತು, ಹೋಟೆಲು ನೆನಪಾಯಿತು, ಇಂದು ಬೆಳಗ್ಗೆ ನಕ್ಕವರ ಹಲ್ಲು ನೆನಪಾದವು. ಅವರ ಬಾಯಿ ಮುಚ್ಚಿಸಲು ಬೇಕಾದ ಮಾತು ಈಗ ಅವನ ಬಾಯಿಯಲ್ಲೇ ಇತ್ತು. ನಾಲಿಗೆಯ ತುದಿಯಲ್ಲಿ ಸಕ್ಕರೆಯ ಹಾಗೆ.

"ಆತ್ರಿ," ಎಂದ. ಎಂದೂ ಇಷ್ಟು ಸಣ್ಣ ಧ್ವನಿಯಲ್ಲಿ ಅವನು ಮಾತಾಡಿರಲಿಲ್ಲ.

ಹೊತ್ತು ಏರುವಷ್ಟರಲ್ಲಿ ಪಂಪಮ್ಮನ ಹೊಲದ ಅರ್ಧ ರವೆಯಂತೆ ಮೆತ್ತಗಾಗಿ ಹರಡಿತ್ತು. ರೂಟರಿನ ಹಿಂದೆ ಬೆಳ್ಳಕ್ಕಿಗಳು ಸಾಲಾಗಿ ನಡೆದು ಹುಳ ಹೆಕ್ಕುತ್ತಿದ್ದವು. ಓಣಿಯ ಜನ ಬದುವಿನ ಮೇಲೆ ನೆರೆದಿದ್ದರು. ಬಿಟ್ಟ ಪಾಳಿಯನ್ನು ಮತ್ತೆ ಕೇಳಲು ಬಂದ ಆರು ಜನವೂ ಅವರಲ್ಲಿದ್ದರು. ಪಂಪಮ್ಮ ರೊಟ್ಟಿ ಬುತ್ತಿ ಬಿಚ್ಚಿ ಎಲ್ಲರಿಗೂ ಕೊಟ್ಟಳು. ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಶಿವಯೋಗಪ್ಪನಿಗೆ ಕಾಯಿಪಲ್ಯ ಜಾಸ್ತಿ ಬಡಿಸಿದಳು. ಬೆಳಗ್ಗೆ ಒಳಗೆ ಹಿಡಿದಿಟ್ಟದ್ದೆಲ್ಲ ಹದವಾದ ಹೊಲ ಕಂಡ ಮೇಲೆ ಈಗ ಹೊರಗೆ ಬಂತು.

"ನೋಡಲೇ ಹಾಲ್ಯಾ, ಕಣ್ಣು ಬಿಟ್ಟು ನೋಡು. ರೂಟರ್ ಅಂದ್ರ ಅದು! ಸ್ವಂತದ್ದು ಅಂದ್ರ ಹಂಗಿರ್ಬೇಕು. ಶಿವಯೋಗಪ್ಪ ಎಂದರ ಬಸ್ಸಿನಾಗ ಕುಂತು ನಂದು ನಂದು ಅಂದಾನೇನು? ಗಂಡಸು ದುಡಿದು ತಗಂಡಾನ, ತೆಪ್ಪಗ ಅದಾನ. ನೀನೂ ಇದ್ದಿ!"

ಬದುವಿನ ಮೇಲಿದ್ದವರೆಲ್ಲ ಹಾಲಸ್ವಾಮಿಯ ಕಡೆ ನೋಡಿದರು. ಶಿವಯೋಗಪ್ಪ ಮಾತ್ರ ಮೋಡ ನೋಡುತ್ತಿದ್ದ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ನಡುದಾರಿಯಲ್ಲಿ ನಿಂತಿತ್ತು.

ಹಾಲಸ್ವಾಮಿ ಬಾಯಿ ತೆರೆದ. ಒಂದು ಗಳಿಗೆ ತೆರೆದೇ ಇಟ್ಟುಕೊಂಡ. ಆಮೇಲೆ ಇನ್ನೊಂದು ರೊಟ್ಟಿಯ ಅರ್ಧವನ್ನು ಮಡಚಿ ಅಲ್ಲಿಗೆ ತುರುಕಿದ. ಅದನ್ನು ನಿಧಾನವಾಗಿ ಅಗಿದ, ನುಂಗಿದ, ಮೇಲೆ ನೀರು ಕುಡಿದ.

"ಹೂನಕ್ಕ," ಎಂದ. "ಅವರದು ಸ್ವಂತದ್ದು."

ಶಿವಯೋಗಪ್ಪನ ತುತ್ತು ಬಾಯಿ ಸೇರಿತು. ಸಾಲದ ಮೊದಲ ಕಂತು ಸಂದಾಯವಾಯಿತು.